ಗುಡಿಸನ್ ಪಾರ್ಕ್: ಕಂಬದ ಹಿಂದಿನ ಸೀಟಿನವನ ಜೊತೆ ಒಂದು ಪ್ರದಕ್ಷಿಣೆ

ಕಂಬದ ಹಿಂದಿನವ

"ಹಳೇ ಸ್ಟೇಡಿಯಂನಲ್ಲಿ ನೋಡೋಕೆ ಏನಿದೆ, ಖಾಲಿ ಕುರ್ಚಿ ತಾನೇ" ಅಂತ ಲೆಕ್ಕಿಗ ಅವರು ಹೋದ ವಾರ ಇಲ್ಲೇ ಇನ್ನೊಂದು ಚರ್ಚೆಯಲ್ಲಿ ಕೇಳಿದ್ದರು. ಒಂದು ಸಾಲಲ್ಲಿ ಉತ್ತರ ಕೊಟ್ಟರೆ ಜಗಳ ಆಗುತ್ತೆ, ಹಾಗಾಗಿ ಉದ್ದಕ್ಕೇ ಬರೀತಿದ್ದೀನಿ. ಇಂಗ್ಲೆಂಡಿನ ಲಿವರ್‌ಪೂಲ್ ಊರಿಗೆ ಬಂದು ಹದಿನಾರು ವರ್ಷವಾಯ್ತು. ಅದರಲ್ಲಿ ಹನ್ನೊಂದು ವರ್ಷ ಎವರ್ಟನ್ ಫುಟ್‌ಬಾಲ್ ತಂಡದ ಹಳೇ ಸ್ಟೇಡಿಯಂ ಗುಡಿಸನ್ ಪಾರ್ಕಿನಲ್ಲಿ, ಬುಲೆನ್ಸ್ ರೋಡ್ ಸ್ಟ್ಯಾಂಡಿನ (ಪ್ರೇಕ್ಷಕರ ಗ್ಯಾಲರಿ) ಮೇಲಂತಸ್ತಿನ ಮರದ ಕುರ್ಚಿಯಲ್ಲಿ, ಒಂದು ಕಬ್ಬಿಣದ ಕಂಬದ ಹಿಂದೆ ಕಳೆದಿದ್ದೀನಿ. ಊರಿನ ಇನ್ನೊಂದು ತಂಡದ ಅಭಿಮಾನಿಗಳು ಬೈಯೋದಿದ್ರೆ ಕೊನೇಲಿ ಬೈಯಿರಿ, ಮಧ್ಯೆ ಬೇಡ.

ಊರ ಮಧ್ಯದಿಂದ ರೈಲು ಹತ್ತಿ ಕರ್ಕ್‌ಡೇಲ್‌ನಲ್ಲಿ ಇಳಿದು ನಡೀಬೇಕು. ಸ್ಟೇಡಿಯಂ ಅಂದ್ರೆ ನಮ್ಮ ತಲೇಲಿ ದೊಡ್ಡ ಬಯಲು, ಪಾರ್ಕಿಂಗ್, ಮೈಲಿ ದೂರದಿಂದ ಕಾಣೋ ದೀಪದ ಗೋಪುರ ಇರುತ್ತೆ. ಇಲ್ಲಿ ಅದ್ಯಾವುದೂ ಇಲ್ಲ. ಕೆಂಪಿಟ್ಟಿಗೆಯ ಸಾಲುಮನೆ, ಮತ್ತೊಂದು ಸಾಲುಮನೆ, ಮೂಲೆಯಲ್ಲಿ ಚಿಪ್ಸ್ ಅಂಗಡಿ. ತಿರುಗಿದರೆ ಎದುರು ಸಾಲಿನ ಮನೆಗಳು ಇರಬೇಕಾದ ಜಾಗದಲ್ಲಿ ಸ್ಟೇಡಿಯಂ ನಿಂತಿರುತ್ತೆ. ಬೆಳಿಗ್ಗೆ ಬಾಗಿಲು ತೆಗೆದು ಕಸದ ಡಬ್ಬ ಹೊರಗಿಡೋ ಅಜ್ಜಿಗೂ ಆ ನೀಲಿ ಗೋಡೆಗೂ ಮಧ್ಯೆ ಒಂದೇ ಒಂದು ಸಣ್ಣ ರಸ್ತೆ.

ನಾನು ಯಾರನ್ನು ಕರ್ಕೊಂಡು ಹೋದರೂ ದಕ್ಷಿಣದ ಸ್ಟ್ಯಾಂಡ್ ಪಾರ್ಕ್ ಎಂಡ್‌ನಿಂದ ಶುರು ಮಾಡ್ತೀನಿ. ಅಲ್ಲಿಂದ ಪಶ್ಚಿಮಕ್ಕೆ ಗುಡಿಸನ್ ರೋಡ್, ಉತ್ತರಕ್ಕೆ ಗ್ಲಾಡಿಸ್ ಸ್ಟ್ರೀಟ್, ಪೂರ್ವಕ್ಕೆ ಬುಲೆನ್ಸ್ ರೋಡ್. ಪ್ರದಕ್ಷಿಣೆಗೆ ಸರಿಯಾದ ದಿಕ್ಕೇ.

ಪಾರ್ಕ್ ಎಂಡ್ ಬಳಿ ಎವರ್ಟನ್ನಿನ ಹಳೇ ಗೋಲುವೀರ ಡಿಕ್ಸಿ ಡೀನ್ ಪ್ರತಿಮೆ. 1927-28ರ ಲೀಗ್‌ನಲ್ಲಿ 39 ಆಟಗಳಲ್ಲಿ 60 ಗೋಲು. ಕೊನೇ ಆಟದ ಹೊತ್ತಿಗೆ ದಾಖಲೆಗೆ ಇನ್ನೂ ಮೂರು ಬೇಕಿತ್ತು. 1928ರ ಮೇ 5ರಂದು ಆರ್ಸೆನಲ್ ಮೇಲೆ ಇದೇ ಅಂಗಳದಲ್ಲಿ ಮೂರೂ ಹೊಡೆದರು, ಅರವತ್ತನೆಯದು ತಲೆಯಿಂದ. ಇಂಗ್ಲೆಂಡಿನ ಮೊದಲ ದರ್ಜೆಯಲ್ಲಿ ಆ ಲೆಕ್ಕ ಇವತ್ತಿಗೂ ಯಾರೂ ಮುಟ್ಟಿಲ್ಲ. 1980ರ ಮಾರ್ಚ್ 1ರಂದು ಅವರು ಇಲ್ಲೇ ಲಿವರ್‌ಪೂಲ್ ವಿರುದ್ಧದ ಆಟ ನೋಡ್ತಾ ಹೃದಯಾಘಾತದಿಂದ ತೀರಿಕೊಂಡರು, 73 ವರ್ಷ. ಪೀಠದ ಮೇಲೆ ಮೂರೇ ಪದ: ಫುಟ್‌ಬಾಲಿಗ, ಸಭ್ಯಸ್ಥ, ಎವರ್ಟೋನಿಯನ್.

ಉಳಿದದ್ದು ಊಟ ಆದಮೇಲೆ.

ಹಲಸೂರು ಹುಡುಗ

ಗುರುವೇ, ಊಟ ಆಮೇಲೆ ಮಾಡಿ. ಪಕ್ಕದ ಪಾರ್ಕ್ ದಾಟಿದರೆ ಲಿವರ್‌ಪೂಲ್ ತಂಡದ ಮೈದಾನ ಆನ್‌ಫೀಲ್ಡ್ ಅಂತಾರಲ್ಲ, ನಿಜಾನಾ? ಅಷ್ಟು ಹತ್ತಿರಾನಾ?

ಕಂಬದ ಹಿಂದಿನವ

ನಿಜ. ಸ್ಟ್ಯಾನ್ಲಿ ಪಾರ್ಕ್ ದಾಟಿದರೆ ಆಯ್ತು, ಒಂದು ಮೈಲಿಯೂ ಇಲ್ಲ. ಅದಕ್ಕಿಂತ ಮಜಾ ಅಂದ್ರೆ ಆನ್‌ಫೀಲ್ಡ್ ಮೊದಲು ನಮ್ಮದೇ. 1884ರಿಂದ ಎವರ್ಟನ್ ಆಡ್ತಿದ್ದದ್ದು ಅಲ್ಲಿ, 1891ರಲ್ಲಿ ಮೊದಲ ಸಲ ಲೀಗ್ ಗೆದ್ದಾಗಲೂ ಮನೆ ಅದೇ. ಜಾಗದ ಯಜಮಾನ ಜಾನ್ ಹೌಲ್ಡಿಂಗ್ ಬಿಯರ್ ತಯಾರಿಸೋ ಕುಳ. ತಂಡ ಗೆಲ್ತಾ ಹೋದಂಗೆ ಬಾಡಿಗೆಯೂ ಏರ್ತಾ ಹೋಯ್ತು. ಬಾಡಿಗೆ ಮನೆಯವರು ಎಲ್ಲಾ ಕಾಲದಲ್ಲೂ ಮಾಡೋದನ್ನೇ ಇವರೂ ಮಾಡಿದರು, ಗಂಟುಮೂಟೆ ಕಟ್ಟಿ ಹೊರಟರು. ಜಾರ್ಜ್ ಮಾನ್ ಅನ್ನೋ ಚರ್ಚಿನ ಆರ್ಗನ್ ವಾದಕರು ಮುಂದೆ ನಿಂತು ಪಾರ್ಕಿನ ಈಚೆ ಮಿಯರ್ ಗ್ರೀನ್ ಅನ್ನೋ ಪಾಳು ಜಾಗ ಹಿಡಿದರು. 1892ರ ಆಗಸ್ಟ್ 24ಕ್ಕೆ ಗುಡಿಸನ್ ಉದ್ಘಾಟನೆ. ಆಚೆ ಹೌಲ್ಡಿಂಗ್ ಕೈಯಲ್ಲಿ ಮೈದಾನ ಉಳೀತು, ತಂಡ ಇಲ್ಲ. ಅದಕ್ಕೇ ಒಂದು ಹೊಸ ತಂಡ ಕಟ್ಟಿದರು. ಅದರ ಹೆಸರು ಲಿವರ್‌ಪೂಲ್ ಎಫ್‌ಸಿ.

ಆಫ್‌ಸೈಡ್ ಅಜ್ಜ

ಬಾಡಿಗೆ ಜಗಳದಿಂದ ಹುಟ್ಟಿದ ತಂಡ! ನಲವತ್ತು ವರ್ಷದಿಂದ ಲಿವರ್‌ಪೂಲ್ ಅಭಿಮಾನಿ ನಾನು, ನನ್ನ ಮೊಮ್ಮಗನಿಗೆ ಇದನ್ನ ಹೇಳ್ಬೇಡಿ.

ಲೆಕ್ಕಿಗ

ನನ್ನ ಹೆಸರು ಹಿಡಿದು ಶುರು ಮಾಡಿದ್ದೀರಿ, ಉತ್ತರ ಕೊಡಲೇಬೇಕು. ಫೋಟೋಗಳನ್ನ ನೋಡ್ದೆ. ಇದು ಗುಡಿಸನ್ ಅಲ್ಲ ಸ್ವಾಮಿ, ಗುಡಿಸಲು. ಎಲ್ಲಿ ನೋಡಿದರೂ ಕಂಬ. ಕಾಸು ಕೊಟ್ಟು ಕಂಬ ನೋಡೋಕೆ ಹಂಪಿಗೆ ಹೋದರೆ ಸಾಲದೇ, ಅಲ್ಲಾದ್ರೂ ಸಂಗೀತ ಬರುತ್ತೆ. ಸಿವಿಲ್ ಎಂಜಿನಿಯರ್ ಆಗಿ ಹೇಳ್ತೀನಿ, ಮುಂದೆ ಕಂಬದ ಆಸರೆಯಿಲ್ಲದೆ ನಿಲ್ಲೋ ಕ್ಯಾಂಟಿಲಿವರ್ ಚಾವಣಿ ಬಂದಮೇಲೂ ಇಂಥದ್ದನ್ನ ಉಳಿಸ್ಕೊಳ್ಳೋದು ಬರೀ ಭಾವುಕತೆ.

ಕಂಬದ ಹಿಂದಿನವ

ಗುಡಿಸಲು ಅಂದಿದ್ದು ಚೆನ್ನಾಗಿದೆ, ಇಟ್ಕೋತೀನಿ. ಆದ್ರೆ ಎಂಜಿನಿಯರ್ ಅಂದಿರಲ್ಲ, ಈ ಕಂಬಗಳ ಹಿಂದಿರೋ ಎಂಜಿನಿಯರ್ ಬಗ್ಗೆ ಕೇಳಿ.

ಆರ್ಚಿಬಾಲ್ಡ್ ಲೀಚ್, ಗ್ಲಾಸ್ಗೋದವರು. ಕಾರ್ಖಾನೆಗಳ ವಿನ್ಯಾಸ ಮಾಡ್ತಿದ್ದ ಮನುಷ್ಯ. 1902ರಲ್ಲಿ ಅವರೇ ವಿನ್ಯಾಸ ಮಾಡಿದ್ದ ಐಬ್ರಾಕ್ಸ್ ಸ್ಟೇಡಿಯಂನ ಮರದ ಅಟ್ಟಣೆ ಕುಸಿದು 25 ಜನ ಸತ್ತರು. ಅಲ್ಲಿಗೆ ಕೆಲಸ ಮುಗೀಬೇಕಿತ್ತು, ಮುಗೀಲಿಲ್ಲ. ಮುಂದಿನ ಮೂರು ದಶಕ ಬ್ರಿಟನ್ನಿನ ಎಷ್ಟೋ ದೊಡ್ಡ ಮೈದಾನಗಳನ್ನ ಕಟ್ಟಿದ್ದು ಅವರೇ. ಗುಡಿಸನ್ನಿನಲ್ಲಿ 1909ರಲ್ಲಿ ಗುಡಿಸನ್ ರೋಡ್ ಕಡೆಯ ಮೇನ್ ಸ್ಟ್ಯಾಂಡ್, 1926ರಲ್ಲಿ ನನ್ನ ಬುಲೆನ್ಸ್ ರೋಡ್, 1938ರಲ್ಲಿ ಗ್ಲಾಡಿಸ್ ಸ್ಟ್ರೀಟ್. ಆವಾಗ ನಾಲ್ಕೂ ಕಡೆ ಎರಡಂತಸ್ತಿನ ಸ್ಟ್ಯಾಂಡ್ ಇದ್ದ ಬ್ರಿಟನ್ನಿನ ಮೊದಲ ಮೈದಾನ ಇದಾಯ್ತು. ಮೇಲಂತಸ್ತಿನ ಮುಂಭಾಗದಲ್ಲಿ ಉಕ್ಕಿನ ಅಡ್ಡಪಟ್ಟಿಗಳು ಒಂದನ್ನೊಂದು ಕತ್ತರಿಸ್ತಾ ಸಾಲಾಗಿ ಗುಣಾಕಾರದ ಚಿಹ್ನೆ ಬರೆದಂಗೆ ಕಾಣುತ್ತೆ. ಅದೇ ಲೀಚ್ ಸಹಿ. ಕಾರ್ಖಾನೆಯವನ ಅಲಂಕಾರ ಅದು, ತೂಕವನ್ನೂ ಹೊರುತ್ತೆ, ಕಣ್ಣಿಗೂ ಹಬ್ಬ.

ಲೀಚ್ ಕಟ್ಟಿದ ಮೇನ್ ಸ್ಟ್ಯಾಂಡ್ ಈಗಿಲ್ಲ. ಅದನ್ನ ಕೆಡವಿ 1971ರ ಹೊತ್ತಿಗೆ ಮೂರಂತಸ್ತಿನದು ಎಬ್ಬಿಸಿದರು. ಪಾರ್ಕ್ ಎಂಡ್ ಅಂತೂ 1994ರದ್ದು. ಅದರಲ್ಲಿ ನೀವು ಬಯಸೋ ಹಾಗೆ ಕಂಬಾನೇ ಇಲ್ಲ, ನೋಟ ಚೆನ್ನಾಗಿದೆ. ಅದರ ಬಗ್ಗೆ ಹೇಳೋಕೆ ನನಗೆ ಬೇರೇನೂ ತೋಚ್ತಿಲ್ಲ.

ಕಂಬ ಯಾಕೆ ಅಂದ್ರೆ, ಕಂಬ ಇದ್ರೆ ಮೇಲಂತಸ್ತನ್ನ ಕೆಳಗಿನದರ ತಲೆ ಮೇಲೇ ತಂದು ಕೂರಿಸಬಹುದು. ಕಂಬ ತೆಗೆದರೆ ಮೇಲಿನವರು ಹಿಂದಕ್ಕೆ, ಹಿಂದಕ್ಕೆ ಸರೀತಾ ಹೋಗ್ತಾರೆ. ನನ್ನ ಸೀಟಿಂದ ಗೋಲಿನ ಮೂರನೇ ಒಂದು ಭಾಗ ಕಾಣ್ತಿರಲಿಲ್ಲ. ಆದ್ರೆ ಅಂಚಿನಲ್ಲಿ ಓಡೋ ಆಟಗಾರ ಸಹ ಆಟಗಾರನಿಗೆ ಬೈದ ಬೈಗುಳ ಸ್ಪಷ್ಟವಾಗಿ ಕೇಳ್ತಿತ್ತು. ನನ್ನ ಇಂಗ್ಲಿಷ್ ಸುಧಾರಿಸಿದ್ದೇ ಹಾಗೆ.

ಲೆಕ್ಕಿಗ

ತೂಕದ ವಾದ ಒಪ್ಪಿದೆ. ಬೈಗುಳದ ವಾದ ಒಪ್ಪಲ್ಲ.

ಧಾರವಾಡ ಪೇಡೆ

ಏನ್ರೀ ಮಾರಾಯರ, ಒಂದು ಫೋಟೋದಾಗ ಸ್ಟೇಡಿಯಂ ಮೂಲ್ಯಾಗ ಚರ್ಚ್ ಕಾಣಸ್ತದಲ್ಲ, ಖರೇನ ಐತೋ ಕಂಪ್ಯೂಟರ್‌ನ್ಯಾಗ ಅಂಟಿಸ್ಯಾರೋ?

ಕಂಬದ ಹಿಂದಿನವ

ಖರೇನ ಐತಿ! ವಾಯವ್ಯ ಮೂಲೆ, ಸೇಂಟ್ ಲ್ಯೂಕ್ಸ್ ಚರ್ಚು. ಮೇನ್ ಸ್ಟ್ಯಾಂಡಿಗೂ ಗ್ಲಾಡಿಸ್ ಸ್ಟ್ರೀಟಿಗೂ ನಡುವೆ ಹೆಗಲು ತೂರಿಸಿ ನಿಂತಿದೆ. ಆ ಎರಡು ಸ್ಟ್ಯಾಂಡುಗಳು ಕೂಡೋಕೆ ಆಗದೇ ಇರೋದು ಇದರಿಂದಲೇ. ಭಾನುವಾರ ಬೆಳಗಿನ ಪ್ರಾರ್ಥನೆಗೆ ಅಡ್ಡಿ ಆಗಬಾರದು ಅಂತ ಆಟ ಬೇಗ ಶುರು ಮಾಡ್ತಿರಲಿಲ್ಲ. ಹಳೇ ಕಾಲದಲ್ಲಿ ಟಿಕೆಟ್ ಇಲ್ಲದವರು ಚರ್ಚಿನ ಚಾವಣಿ ಹತ್ತಿ ನೋಡ್ತಿದ್ದರಂತೆ.

ನಮ್ಮ ಪ್ರದಕ್ಷಿಣೆಯಲ್ಲಿ ಚಹಾ ವಿರಾಮ ಇಲ್ಲೇ. ಆಟದ ದಿನ ಚರ್ಚಿನ ಸಭಾಂಗಣದಲ್ಲಿ ಅಭಿಮಾನಿಗಳೇ ನಡೆಸೋ ಪ್ರದರ್ಶನ ಇರ್ತಿತ್ತು. ಹಳೇ ಕಾರ್ಯಕ್ರಮ ಪುಸ್ತಿಕೆ, ಪತ್ರಿಕೆ ತುಣುಕು, ಯಾರದೋ ತಾತನ ಟಿಕೆಟ್ಟು. ಕಾಗದದ ಲೋಟದಲ್ಲಿ ಚಹಾ ಕೊಡ್ತಿದ್ದ ಹಿರಿಯರೊಬ್ಬರು ನನ್ನ ಮೊದಲ ವರ್ಷ "ಎಲ್ಲಿಂದ ಬಂದೆ ಮಗಾ" ಅಂತ ಕೇಳಿದ್ದರು. ಮೈಸೂರು ಅಂದೆ. "ಅಲ್ಲ, ಯಾವ ಸ್ಟ್ಯಾಂಡಿಂದ" ಅಂದರು.

ಚರ್ಚಿನ ಎದುರಿಗೆ ಹೋಲಿ ಟ್ರಿನಿಟಿ, ಅಂದ್ರೆ ಪವಿತ್ರ ತ್ರಿತ್ವದ ಪ್ರತಿಮೆ. ದೇವರದ್ದಲ್ಲ, ಹೊವಾರ್ಡ್ ಕೆಂಡಾಲ್, ಆಲನ್ ಬಾಲ್, ಕಾಲಿನ್ ಹಾರ್ವಿ ಅನ್ನೋ ಮೂವರು ಮಿಡ್‌ಫೀಲ್ಡರ್‌ಗಳದ್ದು. 1970ರಲ್ಲಿ ಲೀಗ್ ಗೆದ್ದ ತಂಡದ ಹೃದಯ. ಹೆಸರಿಟ್ಟ ಊರಿನವರಿಗೆ ಚರ್ಚಿನ ಪಕ್ಕದಲ್ಲೇ ಅದನ್ನ ನಿಲ್ಲಿಸೋಕೆ ಮುಜುಗರ ಆಗ್ಲಿಲ್ಲ.

ಸರಿ, ಒಳಗೆ ಬನ್ನಿ. ಅಂಗಳಕ್ಕೆ ಬರೋ ಸುರಂಗ ನಮ್ಮ ಹಳೇ ಮನೆಗಳ ಓಣಿಯಷ್ಟು ಕಿರಿದು, ಎದುರಾಳಿಯ ಭುಜ ತಗಲದೆ ನಡೆಯೋಕೆ ಆಗಲ್ಲ. ಝೆಡ್ ಕಾರ್ಸ್ ಅನ್ನೋ ಹಳೇ ಪೊಲೀಸ್ ಧಾರಾವಾಹಿಯ ಕೊಳಲು-ಡ್ರಮ್ಮಿನ ರಾಗ ಶುರುವಾದರೆ ತಂಡ ಹೊರಗೆ ಬಂತು ಅಂತ. ಅದಕ್ಕೂ ಮೊದಲು ಹಳೇ ಕಾಲದ ಉಡುಪಿನ ಟಾಫಿ ಲೇಡಿ ಬುಟ್ಟಿ ಹಿಡಿದು ಅಂಗಳ ಸುತ್ತುತ್ತಾ ಜನರ ಕಡೆ ಮಿಂಟ್ ಎಸೀತಾಳೆ. ನನಗೆ ಹನ್ನೊಂದು ವರ್ಷದಲ್ಲಿ ಒಂದೂ ಸಿಕ್ಕಿಲ್ಲ, ಮೇಲಂತಸ್ತಿಗೆ ಎಸೆಯೋಷ್ಟು ತೋಳುಬಲ ಯಾರಿಗೂ ಇರಲ್ಲ.

ಅಂಚಿನಲ್ಲಿ ತರಬೇತುದಾರರು ಕೂರೋ ಡಗ್‌ಔಟ್ ನೋಡಿ. ಇಂಗ್ಲೆಂಡಿಗೆ ಅದು ಬಂದದ್ದೇ ಇಲ್ಲಿಂದ, 1931ರಲ್ಲಿ. ಎವರ್ಟನ್‌ನವರು ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಆಡೋಕೆ ಹೋದಾಗ ಅಲ್ಲಿನ ತರಬೇತುದಾರ ಡೊನಾಲ್ಡ್ ಕೋಲ್ಮನ್ ನೆಲ ತಗ್ಗಿಸಿ ಚಾವಣಿ ಹಾಕಿಸ್ಕೊಂಡಿದ್ದನ್ನ ನೋಡಿದರು. ಕೋಲ್ಮನ್‌ಗೆ ಆಟಗಾರರ ಮುಖ ಬೇಕಿರಲಿಲ್ಲ, ಪಾದ ಬೇಕಿತ್ತು. ಕಣ್ಣು ನೆಲದ ಮಟ್ಟಕ್ಕೆ ಬರಲಿ, ಬರೆದುಕೊಳ್ಳೋ ಪುಸ್ತಕ ಮಳೇಲಿ ನೆನೆಯದಿರಲಿ ಅಂತ ಗುಂಡಿ ತೋಡಿಸಿದ್ದರು.

ಲೆಕ್ಕಿಗ

ಈ ಡೊನಾಲ್ಡ್ ಕೋಲ್ಮನ್ ನನಗೆ ಇಷ್ಟವಾದರು. ಇಂಥದ್ದು ಇನ್ನೂ ಇದ್ರೆ ಹೇಳಿ.

ಕಂಬದ ಹಿಂದಿನವ

ನಿಮಗಂತಲೇ ಒಂದಿದೆ. 1958ರಲ್ಲಿ ಚಳಿಗಾಲಕ್ಕೆ ಅಂಗಳ ಹೆಪ್ಪುಗಟ್ಟಬಾರದು ಅಂತ ಹುಲ್ಲಿನ ಕೆಳಗೆ ಮೈಲಿಗಟ್ಟಲೆ ವಿದ್ಯುತ್ ತಂತಿ ಹಾಸಿದರು, ಇಂಗ್ಲೆಂಡಿನಲ್ಲಿ ಮೊದಲ ಸಲ. ತಂತಿ ಚೆನ್ನಾಗೇ ಕೆಲಸ ಮಾಡ್ತು. ಎಷ್ಟು ಚೆನ್ನಾಗಿ ಅಂದ್ರೆ ಕರಗಿದ ನೀರನ್ನೆಲ್ಲ ಚರಂಡಿಗೆ ಹೊರೋಕೆ ಆಗ್ಲಿಲ್ಲ. 1960ರಲ್ಲಿ ಇಡೀ ಅಂಗಳ ಅಗೆದು ಹೊಸ ಚರಂಡಿ ಹಾಕಬೇಕಾಯ್ತು.

ಲೆಕ್ಕಿಗ

ಹಹ್ಹಾ! ಬೆಂಗಳೂರಿನಲ್ಲಿ ಕೂತು ಇದನ್ನ ಓದಿ ನಗೋ ಹಕ್ಕು ನನಗಿಲ್ಲ. ನೀರು ಹೋಗೋ ದಾರಿ ಆಮೇಲೆ ನೋಡೋಣ ಅನ್ನೋರು ಎಲ್ಲಾ ಕಡೆ ಇದ್ದಾರೆ.

ಹಲಸೂರು ಹುಡುಗ

ಪೆಲೆ ಇಲ್ಲಿ ಆಡಿದ್ದಾರೆ ಅಂತ ನಮ್ಮ ಏರಿಯಾದ ಕೋಚ್ ಒಬ್ಬರು ಹೇಳ್ತಿದ್ದರು. ನಮ್ಮ ಗೌತಮಪುರದಲ್ಲಿ ಪೆಲೆ ಪ್ರತಿಮೆ ಇದೆಯಲ್ಲ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಜೊತೆಗೇ. ವಿಶ್ವಕಪ್ ಬಂದರೆ ಬೀದಿಗೆಲ್ಲ ಹಳದಿ-ಹಸಿರು ಬಣ್ಣ. ನಾನು ಅದರ ಕೆಳಗೇ ಬರಿಗಾಲಲ್ಲಿ ಆಡಿ ಬೆಳೆದವನು.

ಕಂಬದ ಹಿಂದಿನವ

ನಿಮ್ಮ ಕೋಚ್ ಹೇಳಿದ್ದು ಸರಿ, 1966ರ ವಿಶ್ವಕಪ್. ಆದ್ರೆ ಅದು ನೋವಿನ ಕಥೆ. ಬ್ರೆಜಿಲ್‌ನ ಗುಂಪಿನ ಮೂರೂ ಆಟ ಗುಡಿಸನ್ನಿನಲ್ಲೇ. ಮೊದಲನೆಯದರಲ್ಲಿ ಬಲ್ಗೇರಿಯಾ ಮೇಲೆ 2-0, ಒಂದು ಪೆಲೆಯದ್ದು, ಒಂದು ಗರಿಂಚಾದು, ಎರಡೂ ಫ್ರೀ ಕಿಕ್. ಅವರಿಬ್ಬರೂ ಬ್ರೆಜಿಲ್ ಪರ ಜೊತೆಯಾಗಿ ಆಡಿದ ಕೊನೇ ಆಟ ಅದು. ಬಲ್ಗೇರಿಯಾದವರು ಪೆಲೆಯನ್ನ ಒದ್ದ ಒದೆತಕ್ಕೆ ಹಂಗೇರಿ ವಿರುದ್ಧ ಅವರು ಇಳಿಯಲೇ ಇಲ್ಲ, ಬ್ರೆಜಿಲ್ 1-3. ಮೂರನೆಯದು ಪೋರ್ಚುಗಲ್ ಮೇಲೆ. ಮತ್ತೆ ಕಾಲಿಗೇ ಒದೆ. ಬದಲಿ ಆಟಗಾರನನ್ನ ಇಳಿಸೋ ಪದ್ಧತಿ ಆಗ ಇರ್ಲಿಲ್ಲ, ಕುಂಟುತ್ತಲೇ ಅಂಗಳದಲ್ಲಿ ಉಳಿದರು. ಮತ್ತೆ 1-3, ಬ್ರೆಜಿಲ್ ಮನೆಗೆ.

ನಾಲ್ಕೇ ದಿನಕ್ಕೆ ಅದೇ ಪೋರ್ಚುಗಲ್ ಅದೇ ಅಂಗಳದಲ್ಲಿ ಉತ್ತರ ಕೊರಿಯಾ ಎದುರು 25 ನಿಮಿಷದೊಳಗೆ 0-3 ಹಿಂದೆ ಬಿತ್ತು. ಆಮೇಲೆ ಯೂಸೇಬಿಯೊ ಒಬ್ಬರೇ ನಾಲ್ಕು ಹೊಡೆದರು, ಕೊನೆಗೆ 5-3. ಒಂದೇ ಗೋಲುಕಂಬಗಳ ನಡುವೆ ಎರಡು ವಾರದಲ್ಲಿ ಇಷ್ಟೆಲ್ಲ.

ಪಶ್ಚಿಮವಾಹಿನಿ

ಮೌನವಾಗಿ ಓದ್ತಿದ್ದೆ, ಒಂದು ಪ್ರಶ್ನೆ. ಅಲ್ಲಿ ಅಭಿಮಾನಿಗಳ ಚಿತಾಭಸ್ಮ ಹೂಳಿದ್ದಾರೆ ಅಂತ ಎಲ್ಲೋ ಓದಿದ ನೆನಪು. ನಿಜವೇ?

ಕಂಬದ ಹಿಂದಿನವ

ನಿಜ. ಅಂಗಳದ ಅಂಚಿನುದ್ದಕ್ಕೂ, 800ಕ್ಕೂ ಹೆಚ್ಚು ಜನರದ್ದು. 2004ರಲ್ಲಿ ಇನ್ನು ಜಾಗ ಇಲ್ಲ ಅಂತ ನಿಲ್ಲಿಸಿದರು. ನನ್ನ ಪಕ್ಕದ ಸೀಟಿನ ಮುದುಕರ ಅಪ್ಪ ಗ್ಲಾಡಿಸ್ ಸ್ಟ್ರೀಟ್ ಕಡೆಯ ಕಾರ್ನರ್ ಬಾವುಟದ ಹತ್ತಿರ ಇದ್ದಾರೆ. "ಇದ್ದಾರೆ" ಅಂತಲೇ ಅವರು ಹೇಳೋದು. ನಮ್ಮವರು ಆ ಕಡೆ ಕಾರ್ನರ್ ಕೆಟ್ಟದಾಗಿ ಹೊಡೆದರೆ "ಅಪ್ಪನ ಮೇಲೆ ಕಾಲಿಟ್ಟು ಇಷ್ಟೇನಾ ಹೊಡೆಯೋದು" ಅಂತ ಗೊಣಗೋರು.

ಪಶ್ಚಿಮವಾಹಿನಿ

ನಮ್ಮ ತಂದೆಯದ್ದನ್ನ ಶ್ರೀರಂಗಪಟ್ಟಣದಲ್ಲಿ ಬಿಟ್ಟು ಬಂದೆವು, ನೀರು ತಗೊಂಡು ಹೋಯ್ತು. ಎಲ್ಲಿದ್ದಾರೆ ಅಂತ ಬೆರಳು ತೋರಿಸೋಕೆ ಆಗಲ್ಲ. ಅದೇ ಒಳ್ಳೇದು ಅಂತ ಇಷ್ಟು ದಿನ ಅಂದ್ಕೊಂಡಿದ್ದೆ. ಇವತ್ತು ಆ ಮುದುಕರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಾಯ್ತು.

ಆಫ್‌ಸೈಡ್ ಅಜ್ಜ

ಇದಕ್ಕೆ ಏನೂ ಬರೆಯಲ್ಲ. ಓದಿದೆ ಅಂತ ಮಾತ್ರ.

ಧಾರವಾಡ ಪೇಡೆ

ಕಂಬದವರ, ನೀವು ಕಂಡ ಅತೀ ಚಲೋ ಆಟ ಯಾವುದ್ರೀ? ಕಂಡ ಅನ್ನಬೇಕೋ, ಕೇಳಿದ ಅನ್ನಬೇಕೋ!

ಕಂಬದ ಹಿಂದಿನವ

ಕೇಳಿದ ಅನ್ನಿ, ಅದೇ ಸರಿ. ಹಿರಿಯರು 1985ರ ಬಯರ್ನ್ ಮ್ಯೂನಿಕ್ ಆಟ ಅಂತಾರೆ, ಯುರೋಪಿನ ಕಪ್ ವಿನ್ನರ್ಸ್ ಕಪ್ ಸೆಮಿಫೈನಲ್, 3-1. ಅದರ ನಂತರದವರು 1994ರ ಮೇ 7 ಅಂತಾರೆ. ಸೋತರೆ ಕೆಳ ದರ್ಜೆಗೆ ಅನ್ನೋ ದಿನ ವಿಂಬಲ್ಡನ್ ಎದುರು 0-2 ಹಿಂದಿದ್ದು 3-2 ಗೆದ್ದದ್ದು. ಪಾರ್ಕ್ ಎಂಡ್ ಕೆಡವಿದ್ದರಿಂದ ಜಾಗ ಸಿಗದವರು ಸ್ಟ್ಯಾನ್ಲಿ ಪಾರ್ಕಿನ ಮರ ಹತ್ತಿ ನೋಡಿದ್ದರು. ನಾನು ಎರಡಕ್ಕೂ ಇಲ್ಲ.

ನನ್ನದು 2025ರ ಫೆಬ್ರವರಿ 12. ಗುಡಿಸನ್ನಿನಲ್ಲಿ ಲಿವರ್‌ಪೂಲ್ ಎದುರು ಗಂಡಸರ ತಂಡದ ಕೊನೇ ಆಟ. 1-2 ಹಿಂದೆ, ಗಡಿಯಾರ 98ನೇ ನಿಮಿಷ. ಕೆಲವರು ಆಗಲೇ ಮೆಟ್ಟಿಲಿಳೀತಿದ್ದರು. ಚೆಂಡು ಮೇಲಿಂದ ಬಂತು, ಯಾರದೋ ತಲೆಗೆ ತಾಗ್ತು, ನನ್ನ ಕಂಬದ ಹಿಂದೆ ಹೋಯ್ತು. ಎಡಕ್ಕೆ ವಾಲಿದೆ. ಮುದುಕರು ಬಲಕ್ಕೆ ವಾಲಿದರು. ಇಬ್ಬರ ತಲೆ ಢಿಕ್ಕಿ. ನಮ್ಮ ಜೇಮ್ಸ್ ಟಾರ್ಕೋವ್ಸ್ಕಿ ಆ ಚೆಂಡನ್ನ ನೆಲಕ್ಕೆ ಬೀಳೋ ಮೊದಲೇ ಚಚ್ಚಿ ಬಲೆಯ ಮೇಲ್ಭಾಗಕ್ಕೆ ಕಳಿಸಿದ್ದನ್ನ ಪ್ರಪಂಚವೆಲ್ಲ ನೋಡಿದೆ, ನಾವಿಬ್ಬರು ನೋಡಿಲ್ಲ. ನಾನು ಕಂಡದ್ದು ಸದ್ದು. ಕಾಲಡಿಯ ಹಲಗೆ ಮೊದಲು ನಡುಗ್ತು, ಕೂಗು ಆಮೇಲೆ ಕಿವಿಗೆ ಬಂತು. ಕಂಬಕ್ಕೆ ಕೈ ಕೊಟ್ಟಿದ್ದೆ, ತಂಬೂರಿ ತಂತಿ ಹಂಗೆ ಗುಂಯ್ ಅಂತಿತ್ತು. ಆಮೇಲೆ ವೀಡಿಯೊ ಪರಿಶೀಲನೆ ಅಂತ ಎಲ್ಲರ ಉಸಿರು ಕಟ್ಟಿಸಿದರು. ಗೋಲು ಸರಿ ಅಂತ ಆದಾಗ ಮತ್ತೊಂದು ಸಲ ನಡುಗ್ತು. ಲೆಕ್ಕಿಗ ಅವರೇ, ಕಂಬದಿಂದ ಸಂಗೀತ ಬರಲ್ಲ ಅಂದಿದ್ದಿರಿ.

ಲೆಕ್ಕಿಗ

ಹಿಂದಕ್ಕೆ ತಗೊಂಡೆ. ರಚನೆಯ ಕಂಪನ ಅಂತ ಬರೆಯೋ ಆಸೆ ಇತ್ತು, ಬೇಡ ಬಿಡಿ.

ಕುಡ್ಲದ ಗೋಲಿ

ನಾನು ಮಂಗಳೂರಲ್ಲಿ ಹುಡುಗಿಯರ ತಂಡದ ಗೋಲ್‌ಕೀಪರ್ ಮಾರಾಯ್ರೆ. ಇಷ್ಟುದ್ದ ಓದಿದೆ, ಒಂದು ಹೆಂಗಸಿನ ಹೆಸರಿಲ್ಲ, ಮಿಂಟ್ ಎಸೆಯುವವಳನ್ನು ಬಿಟ್ಟರೆ. ಮತ್ತೆ, ತಂಡ ಹೊಸ ಸ್ಟೇಡಿಯಂಗೆ ಹೋಯಿತಲ್ಲ, ಇದನ್ನು ಕೆಡವಿದರಾ?

ಕಂಬದ ಹಿಂದಿನವ

ನಿಮ್ಮ ಎರಡು ಪ್ರಶ್ನೆಗೂ ಉತ್ತರ ಒಂದೇ.

1920ರ ಡಿಸೆಂಬರ್ 26. ಡಿಕ್ ಕರ್ ಲೇಡೀಸ್ ಅನ್ನೋ ಕಾರ್ಖಾನೆ ಹೆಣ್ಣುಮಕ್ಕಳ ತಂಡ ಸೇಂಟ್ ಹೆಲೆನ್ಸ್ ಎದುರು ಇಲ್ಲಿ ಆಡ್ತು. ಒಳಗೆ 53 ಸಾವಿರ ಜನ, ಜಾಗ ಸಿಗದೆ ಹೊರಗೆ ಉಳಿದವರೇ ಇನ್ನೂ ಸಾವಿರಾರು. ಡಿಕ್ ಕರ್ 4-0. ಒಂದು ವರ್ಷ ತುಂಬೋದರೊಳಗೆ, 1921ರ ಡಿಸೆಂಬರ್‌ನಲ್ಲಿ, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಸದಸ್ಯ ಕ್ಲಬ್ಬುಗಳ ಮೈದಾನದಲ್ಲಿ ಹೆಂಗಸರು ಆಡಬಾರದು ಅಂತ ನಿಷೇಧ ಹಾಕ್ತು. ಆಟ ಹೆಣ್ಣಿಗೆ ಒಗ್ಗಲ್ಲ ಅನ್ನೋದು ಕೊಟ್ಟ ಕಾರಣ. ಆ 53 ಸಾವಿರ ಕಣ್ಣು ಕುಕ್ಕಿತ್ತು ಅಂತ ನಾನು ಹೇಳ್ತೀನಿ. ನಿಷೇಧ ಐವತ್ತು ವರ್ಷದ ಹತ್ತಿರ ಉಳೀತು.

2025ರ ಮೇ 18ಕ್ಕೆ ಗಂಡಸರ ಕೊನೇ ಆಟ, ಸೌಥಾಂಪ್ಟನ್ ಮೇಲೆ 2-0, ಎರಡೂ ಇಲಿಮಾನ್ ಎನ್‌ಡಿಯಾಯೆ ಹೊಡೆದದ್ದು. ಹಡಗುಕಟ್ಟೆಯ ಮೇಲಿನ ಹೊಸ ಸ್ಟೇಡಿಯಂನಲ್ಲಿ ಲೀಗ್‌ನ ಮೊದಲ ಆಟ ಆಗಸ್ಟ್ 24ಕ್ಕೆ, ಗುಡಿಸನ್ ಉದ್ಘಾಟನೆಯಾಗಿ ಸರಿಯಾಗಿ 133 ವರ್ಷಕ್ಕೆ, ಅಲ್ಲೂ ಮೊದಲ ಗೋಲು ಅವನದ್ದೇ. ಕೆಡವಿ ಮನೆ ಕಟ್ಟೋದು ಅಂತ ಮೊದಲು ಮಾತಿತ್ತು. ಕೊನೆಗೆ ಎವರ್ಟನ್ ಹೆಣ್ಣುಮಕ್ಕಳ ತಂಡಕ್ಕೆ ಬಿಟ್ಟುಕೊಟ್ಟರು. ಈಗ ಅವರ ಮನೆ ಇದು. ಹೋದ ಸಲ ಹೋದಾಗ ಮುಂದಿನ ಸಾಲಿನಲ್ಲಿ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಕೈಗಿಂತ ದೊಡ್ಡ ಗ್ಲೌಸ್ ಹಾಕ್ಕೊಂಡು ಆಟ ಪೂರ್ತಿ ಕೀಪರನ್ನೇ ನೋಡ್ತಾ ಇದ್ದಳು. ಮುದುಕರು ಅವಳಿಗೆ ತಮ್ಮ ಮಿಂಟ್ ಕೊಟ್ಟರು. ಅವರಿಗೆ ಅದು ಎಲ್ಲಿ ಸಿಕ್ತು ಅಂತ ಈವರೆಗೂ ನನಗೆ ಹೇಳಿಲ್ಲ.

ಕುಡ್ಲದ ಗೋಲಿ

ಬರುವ ವರ್ಷ ಅಣ್ಣನ ಮನೆಗೆ ಮ್ಯಾಂಚೆಸ್ಟರ್‌ಗೆ ಬರ್ತೇನೆ. ಒಂದು ಆಟ ನೋಡ್ಲೇಬೇಕು. ಸೀಟು ಎಲ್ಲಿ ತೆಗೆದುಕೊಳ್ಳಲಿ?

ಕಂಬದ ಹಿಂದಿನವ

ಬನ್ನಿ, ಕರ್ಕ್‌ಡೇಲ್ ಸ್ಟೇಷನ್ನಿನಿಂದ ನಾನೇ ಕರ್ಕೊಂಡು ಹೋಗ್ತೀನಿ, ಒಂದು ಗಂಟೆ ಮೊದಲು, ಪ್ರದಕ್ಷಿಣೆ ಇದೆಯಲ್ಲ. ಸೀಟು ಎಲ್ಲೇ ಸಿಕ್ಕರೂ ತಗೊಳ್ಳಿ. ಮುಂದೆ ಕಂಬ ಬಂದರೆ ಪಕ್ಕದವರು ಯಾವ ಕಡೆ ವಾಲ್ತಾರೆ ಅಂತ ಮೊದಲೇ ಕೇಳಿಟ್ಕೊಳ್ಳಿ.